ಮಾಲ್ಟಾದಲ್ಲಿ ಬಸ್ಸು ನಿಲ್ಲದಿದ್ರೂ ಪಕ್ಷ ಬಿಡಲ್ಲ | ಕನ್ನಡ ವ್ಲಾಗ್

ನಮಸ್ಕಾರ ಎಲ್ರಿಗೂ. ಡ್ಯೂಟಿ ಮುಗೀತು, ಕೇರ್ ಹೋಮ್ ಇರೋದು ಇಲ್ಲೇ ಪಾವ್ಲಾದಲ್ಲಿ. ಇಲ್ಲಿಂದ ರಾಜಧಾನಿ ವ್ಯಾಲೆಟ್ಟಾಕ್ಕೆ ಹೋಗ್ಬೇಕು. ಹೋದ ವಿಡಿಯೋದಲ್ಲಿ ತುಂಬಾ ಜನ ಕೇಳಿದ್ರಿ, ಮಾಲ್ಟಾದಂಥ ಪುಟ್ಟ ದ್ವೀಪದೇಶದಲ್ಲಿ ರಾಜಕೀಯ ಏನಿರುತ್ತೆ ಅಂತ. 316 ಚದರ ಕಿಲೋಮೀಟರು, ಬೆಂಗಳೂರು ನಗರದ ಅರ್ಧನೂ ಇಲ್ಲ. ದೊಡ್ಡ ಪಕ್ಷಗಳು ಎರಡೇ, ಲೇಬರ್ ಮತ್ತು ನ್ಯಾಷನಲಿಸ್ಟ್. ಆದ್ರೆ ರಾಜಕೀಯ ಮಾತ್ರ ಊಟದ ತಟ್ಟೆ ತನಕ ಬರುತ್ತೆ. ಅದನ್ನ ಇವತ್ತು ತೋರಿಸ್ತಾ ಹೋಗ್ತೀನಿ.

ಬಸ್ಸು ಬಂತು ನೋಡಿ. ಹೋಯ್ತು. ನಿಲ್ಲಿಸಲೇ ಇಲ್ಲ. ಡ್ರೈವರ್ ಕೈ ಅಲ್ಲಾಡಿಸಿ 'ಫುಲ್' ಅಂದ, ಅಷ್ಟೇ. ಇದು ನನಗೆ ಎಷ್ಟು ಕೋಪ ತರಿಸುತ್ತೆ ಅಂದ್ರೆ, ರಾತ್ರಿಯಿಡೀ ನಿಂತು ಕೆಲಸ ಮಾಡಿ ಕಾಲು ಬಾತಿರುತ್ತೆ, ಇಲ್ಲಿ ಬಿಸಿಲಲ್ಲಿ ಮತ್ತೆ ನಿಲ್ಬೇಕು. ನೆರಳಿಗೆ ಒಂದು ಮರ ಇಲ್ಲ. ಆ್ಯಪಲ್ಲಿ ಇನ್ನೊಂದು ಬಸ್ಸು ತೋರಿಸ್ತಿರುತ್ತೆ, ನಿಮಿಷ ಕಮ್ಮಿ ಆಗ್ತಾ ಬರುತ್ತೆ, ಆಮೇಲೆ ಪರದೆಯಿಂದ ಮಾಯ. ನನ್ನ ಪಕ್ಕದಲ್ಲಿ ತರಕಾರಿ ಚೀಲ ಹಿಡ್ಕೊಂಡು ಒಬ್ರು ಅಜ್ಜ, ಒಬ್ರು ಅಜ್ಜಿ ಇದ್ರು. ಇಬ್ಬರೂ ಒಂದೇ ಬೀದಿಯವರಂತೆ. ಅವರ ಮುಖ ತೋರಿಸಲ್ಲ, ಮಾತು ಹೇಳ್ತೀನಿ.

ಅಜ್ಜ ಶುರು ಮಾಡಿದ್ರು. 'ನೋಡು ಮಗಳೇ, 2011ರಲ್ಲಿ ನಮ್ಮ ಹಳದಿ ಬಸ್ಸುಗಳನ್ನ ಕಿತ್ತು ಹಾಕಿದ್ದು ನ್ಯಾಷನಲಿಸ್ಟರು. ಅವತ್ತೇ ಹಾಳಾಯ್ತು.' ಅಜ್ಜಿಗೆ ತಡೆಯೋಕಾಗಲಿಲ್ಲ. 'ಓಹೋ, 2013ರಿಂದ ಅಧಿಕಾರದಲ್ಲಿ ಇರೋದು ಯಾರು? ನಿಮ್ಮ ಲೇಬರ್ ತಾನೇ?' ಆಮೇಲೆ ಮಾಲ್ಟೀಸ್ ಭಾಷೆಗೆ ಹೊರಟೋದ್ರು, ನನಗೆ ಮಧ್ಯೆ ಮಧ್ಯೆ ಹೆಸರುಗಳು ಮಾತ್ರ ಕೇಳಿಸ್ತು: ಮಿಂಟಾಫ್, ಫೆನೆಕ್ ಅದಾಮಿ, ಮಸ್ಕತ್. ಮೂವರೂ ಹಿಂದಿನ ಪ್ರಧಾನಿಗಳು, ಮಿಂಟಾಫ್ ಮತ್ತು ಮಸ್ಕತ್ ಲೇಬರ್, ಫೆನೆಕ್ ಅದಾಮಿ ನ್ಯಾಷನಲಿಸ್ಟ್. ಮಿಂಟಾಫ್ ತೀರಿಹೋಗಿದ್ದು 2012ರಲ್ಲಿ! ಬಸ್ಸು ನಿಲ್ಲದೇ ಇರೋದಕ್ಕೆ ಕಾರಣ ಕಣ್ಮುಂದೆನೇ ಇದೆ. 2011ರ ಜನಗಣತಿಯಲ್ಲಿ ಇಲ್ಲಿ 4.17 ಲಕ್ಷ ಜನ ಇದ್ರು, 2021ರಲ್ಲಿ 5.19 ಲಕ್ಷ. ನನ್ನಂಥ ಹೊರಗಿನವರು ಬಂದಿದ್ದು ಆ ಲೆಕ್ಕದಲ್ಲೇ ಸೇರಿದೆ. 2022ರ ಅಕ್ಟೋಬರಿಂದ ನಿವಾಸಿಗಳಿಗೆ ಬಸ್ಸು ಫ್ರೀ. ರಸ್ತೆ ಅಷ್ಟೇ ಅಗಲ, ಕಾರು ಮೈತುಂಬಾ. ಇದರ ಬಗ್ಗೆ ಇಬ್ಬರೂ ಒಂದು ಮಾತು ಆಡಲಿಲ್ಲ. ಯಾರ ಪಕ್ಷದ ತಪ್ಪು ಅನ್ನೋದು ತೀರ್ಮಾನ ಆಗೋ ತನಕ ಬಸ್ಸಿನ ಪ್ರಶ್ನೆ ಶುರುವಾಗೋದೇ ಇಲ್ಲ. ಬಿಸಿಲಲ್ಲಿ ಬೇಯ್ತಿರೋದು ಇಬ್ಬರೂ. ಬಸ್ಸು ತಪ್ಪಿದ್ದು ಇಬ್ಬರಿಗೂ. ನಂಗೆ ಇದು ಹುಚ್ಚು ಅನ್ನಿಸ್ತು, ಆಗ ಹಾಗೇ ಅಂದ್ಕೊಂಡೆ.

ಸರಿ, ನಡ್ಕೊಂಡೇ ಹೊರಟೆ. ಗುಡ್ಡದ ಮೇಲೆ ಕಾಣ್ತಿದೆಯಲ್ಲ ಚೂಪು ಗೋಪುರ, ಅದು ಅಡೊಲೊರಾಟಾ ಸ್ಮಶಾನ. ಹತ್ತೊಂಬತ್ತನೇ ಶತಮಾನದ್ದು. ಮಾಲ್ಟಾದ ಅತಿ ದೊಡ್ಡ ಸ್ಮಶಾನ. ಒಳಗೆ ಶೂಟ್ ಮಾಡಲ್ಲ, ಜನ ಬಂದಿದಾರೆ, ಗೇಟ್ ಹೊರಗಿಂದ ಮಾತ್ರ.

ಇಲ್ಲಿ ನಿಂತು ಹೇಳಬೇಕಾದ್ದು ಒಂದಿದೆ. 1961ರ ಏಪ್ರಿಲ್‌ನಲ್ಲಿ ಇಲ್ಲಿನ ಕ್ಯಾಥೊಲಿಕ್ ಚರ್ಚು ಲೇಬರ್ ಪಕ್ಷದ ಮುಖಂಡರ ಮೇಲೆ ಬಹಿಷ್ಕಾರ ಹಾಕ್ತು. ಪಕ್ಷದ ಪತ್ರಿಕೆ ಓದೋದು ಪಾಪ. 1962ರ ಚುನಾವಣೆಯಲ್ಲಿ ಲೇಬರ್‌ಗೆ ಓಟು ಹಾಕೋದು ಮಹಾಪಾಪ. ಪಾಪನಿವೇದನೆಗೆ ಹೋದ್ರೆ ಕ್ಷಮೆ ಇಲ್ಲ. ಲೇಬರ್ ಸಭೆ ನಡೀತಿದ್ರೆ ಭಾಷಣ ಕೇಳಿಸಬಾರದು ಅಂತ ಚರ್ಚಿನ ಗಂಟೆ ಹೊಡೀತಿದ್ರು. ಲೇಬರ್‌ನವರ ಮದುವೆಯನ್ನ ಚರ್ಚಿನ ಪೀಠದ ಮುಂದೆ ಮಾಡ್ತಿರಲಿಲ್ಲ, ಹಿಂದಿನ ಕೋಣೆಯಲ್ಲಿ, ಹೂವಿಲ್ಲ, ಸಂಗೀತ ಇಲ್ಲ. ಸತ್ತ್ರೆ ಪವಿತ್ರ ಮಾಡದ ಜಾಗದಲ್ಲಿ ಮಣ್ಣು. ಆ ಮೂಲೆಗೆ ಜನ ಇಟ್ಟ ಹೆಸರು 'ತಿಪ್ಪೆ'. ಪಕ್ಷದ ಉಪನಾಯಕ, ಲೇಖಕ ಗುಝೆ ಎಲ್ಲುಲ್ ಮರ್ಸರ್ 1961ರಲ್ಲಿ ತೀರಿಕೊಂಡಾಗ ಅವರನ್ನೂ ಅಲ್ಲೇ ಹೂತ್ರು. 1969ರಲ್ಲಿ ರಾಜಿ ಆಗೋವರೆಗೂ ಇದೇ ಪರಿಸ್ಥಿತಿ.

ನಾನು ನೋಡ್ಕೊಳ್ಳೋ ಅಜ್ಜಿಯೊಬ್ರು ಇದಾರೆ. ಹಾಸಿಗೆ ಪಕ್ಕ ಯೇಸುವಿನ ಫೋಟೋ, ಅದರ ಪಕ್ಕ ಡಾಮ್ ಮಿಂಟಾಫ್ ಫೋಟೋ. ಅವರ ಮದುವೆ ಆಗಿದ್ದು ಆ ಹಿಂದಿನ ಕೋಣೆಯಲ್ಲೇ. 'ನಮ್ಮಮ್ಮ ಬಾಗಿಲ ಹೊರಗೆ ನಿಂತು ಅಳ್ತಿದ್ದಳು' ಅಂತ ಹೇಳ್ತಾರೆ, ನಾನು ಅವರ ತಲೆ ಬಾಚ್ತಿರ್ತೀನಿ. ಆ ಅಜ್ಜಿಗೆ ನಾನು 'ಯೋಚನೆ ಮಾಡಿ ಓಟು ಹಾಕಿ' ಅಂತ ಹೇಳಕ್ಕಾಗುತ್ತಾ? ಬಸ್ ಸ್ಟಾಪಲ್ಲಿ ಹುಚ್ಚು ಅಂದ್ಕೊಂಡಿದ್ದು ಇಲ್ಲಿ ಬಂದಾಗ ನಿಲ್ಲಲ್ಲ. ಪಕ್ಷ ಇವರಿಗೆ ಮನೆದೇವರಿದ್ದ ಹಾಗೆ, ಆರಿಸಿಕೊಂಡಿದ್ದಲ್ಲ, ಬಿಟ್ಟುಕೊಡೋದೂ ಅಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. 1998ರಲ್ಲಿ ಅದೇ ಮಿಂಟಾಫ್ ತನ್ನದೇ ಪಕ್ಷದ ಸರ್ಕಾರದ ವಿರುದ್ಧ ಓಟು ಹಾಕಿದ್ರು. ಆಲ್ಫ್ರೆಡ್ ಸಾಂಟ್ ಪ್ರಧಾನಿ, ಬಹುಮತ ಒಂದೇ ಸೀಟು. ಸರ್ಕಾರ ಬಿತ್ತು, ಸೆಪ್ಟೆಂಬರ್ ಚುನಾವಣೆಯಲ್ಲಿ ಲೇಬರ್ ಸೋತು, ಮುಂದಿನ 15 ವರ್ಷ ಅಧಿಕಾರ ಸಿಗಲಿಲ್ಲ. ದೇವರು ಅಂದವರೇ ದ್ರೋಹಿ ಅಂದ್ರು. ಅಜ್ಜಿ ಮನೆಯಲ್ಲಿ ಯಜಮಾನರು ಫೋಟೋ ಗೋಡೆಯಿಂದ ಇಳಿಸಿದ್ರಂತೆ. ಎಷ್ಟೋ ವರ್ಷ ಆದ್ಮೇಲೆ ಅಜ್ಜಿನೇ ತೆಗೆದು ಇಟ್ಕೊಂಡ್ರು. ನಾಯಕ ಮತ್ತು ಪಕ್ಷ ಎದುರಾಬದುರಾ ನಿಂತಾಗ ಹೆಚ್ಚಿನವರು ಪಕ್ಷದ ಕಡೆ ಹೋದ್ರು, ಇದು ಗಮನಿಸಬೇಕಾದ್ದು.

ಹಾಂ, ಬಸ್ಸು ಸಿಕ್ತು. ಇದು ಫ್ಲೊರಿಯಾನಾ. ನೆಲದಲ್ಲಿ ಗುಂಡು ಕಲ್ಲು ಮುಚ್ಚಳ ಕಾಣ್ತಿದೆಯಲ್ಲ, ಕೆಳಗೆ ಹಿಂದಿನ ಕಾಲದ ಧಾನ್ಯದ ಹಗೇವು. ನಮ್ಮ ಕಡೆನೂ ಹಗೇವು ಇರ್ತಿತ್ತು, ನಮ್ಮಜ್ಜನ ಮನೆ ಅಂಗಳದಲ್ಲಿ ಇತ್ತು, ರಾಗಿ ಹಾಕ್ತಿದ್ರು. ಇರಲಿ. ದೊಡ್ಡ ಚುನಾವಣಾ ಸಭೆಗಳು ನಡೆಯೋದು ಈ ಬಯಲಲ್ಲಿ. ಬಾವುಟ, ಡ್ರಮ್ಮು, ಪಕ್ಷದ ಹಾಡು, ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಬರ್ತಾರೆ. ನಾಯಕ ರಸ್ತೆ, ಆಸ್ಪತ್ರೆ ಬಗ್ಗೆ ಹೇಳ್ತಾನೆ, ಜನ ಸುಮ್ಮನೆ ಕೇಳ್ತಾರೆ. ಹಳೇ ಗಾಯ ಮುಟ್ಟಿದ ಕೂಡಲೇ ಬಯಲು ಎದ್ದು ನಿಲ್ಲುತ್ತೆ.

ಗಾಯ ಒಂದು ಕಡೆ ಮಾತ್ರ ಇಲ್ಲ. 1977ರ ಡಿಸೆಂಬರ್ 28ಕ್ಕೆ ಕರಿನ್ ಗ್ರೆಕ್ ಅನ್ನೋ 15 ವರ್ಷದ ಹುಡುಗಿ ಪಾರ್ಸೆಲ್ ಬಾಂಬಿಗೆ ಸತ್ತಳು. ಅಪ್ಪ ಡಾಕ್ಟರು, ಲೇಬರ್ ಸರ್ಕಾರದ ವಿರುದ್ಧ ಡಾಕ್ಟರುಗಳ ಮುಷ್ಕರ ನಡೀತಿದ್ದಾಗಲೂ ಕೆಲಸಕ್ಕೆ ಹೋಗ್ತಿದ್ರು. 1981ರಲ್ಲಿ ನ್ಯಾಷನಲಿಸ್ಟರಿಗೆ ಶೇಕಡ 50.9 ಮತ ಬಂತು, ಸೀಟು 31. ಕಮ್ಮಿ ಮತ ಬಂದ ಲೇಬರ್‌ಗೆ 34. ಹೇಗಾಗಬೇಕು ಆ ಜನಕ್ಕೆ? 1986ರ ಡಿಸೆಂಬರ್ 5ರ ರಾತ್ರಿ ಗುಡ್ಯಾ ಊರಿನ ನ್ಯಾಷನಲಿಸ್ಟ್ ಕ್ಲಬ್ಬಿಗೆ ಗುಂಡು ಹಾರಿಸಿದ್ರು, ಒಳಗಿದ್ದ ರೇಮಂಡ್ ಕರುವಾನಾ ಸತ್ತ. 26 ವರ್ಷ. ಹೆಚ್ಚು ಮತ ಬಂದವರಿಗೇ ಸರ್ಕಾರ ಅಂತ 1987ರಲ್ಲಿ ಸಂವಿಧಾನ ತಿದ್ದಿದ ಮೇಲೆ ಸ್ವಲ್ಪ ತಣ್ಣಗಾಯ್ತು. ಆದ್ರೆ ಎರಡೂ ಪಕ್ಷಕ್ಕೆ ತಮ್ಮ ತಮ್ಮ ಹುತಾತ್ಮರು ಸಿಕ್ಕಿಬಿಟ್ರು, ಪ್ರತಿ ಚುನಾವಣೆಯಲ್ಲೂ ಆ ಹೆಸರುಗಳು ಹೊರಗೆ ಬರ್ತವೆ. ಸತ್ತವರನ್ನ ಓಟಿಗೆ ಎಬ್ಬಿಸೋದು ನನಗೆ ಸಹಿಸೋಕಾಗಲ್ಲ. ಆ ಹುಡುಗಿ ಯಾವ ಪಕ್ಷಕ್ಕೂ ಸೇರಿರಲಿಲ್ಲ.

ಇದು ಪಕ್ಷದ ಕ್ಲಬ್ಬು, ಇಲ್ಲಿ 'ಕಝೀನ್' ಅಂತಾರೆ. ಪ್ರತಿ ಊರಲ್ಲೂ ಎರಡು, ಬಹಳ ಸಲ ಒಂದೇ ಚೌಕದಲ್ಲಿ. ಗಾಜಿನ ಲೋಟದಲ್ಲಿ ಹಾಲು ಹಾಕಿದ ಗಟ್ಟಿ ಚಹಾ, ಪಫ್ ಥರದ ಪಸ್ತಿತ್ಸಿ, ಇಸ್ಪೀಟು. ಚಹಾ ಚೆನ್ನಾಗಿದೆ, ಬೆಲೆನೂ ಹೊರಗಿನ ಕೆಫೆಗಿಂತ ಎಷ್ಟೋ ಕಮ್ಮಿ. ಎದುರು ಗೋಡೆಯಲ್ಲಿ ಟಿವಿ, ಅದರಲ್ಲಿ ಪಕ್ಷದ್ದೇ ಚಾನೆಲ್. ಲೇಬರ್‌ದು ಒನ್, ನ್ಯಾಷನಲಿಸ್ಟರದು ನೆಟ್. ಎರಡನ್ನೂ ನಡೆಸೋದು ಪಕ್ಷಗಳೇ, ದುಡ್ಡು ಸಾಲದಿದ್ರೆ ಗಂಟೆಗಟ್ಟಲೆ ನೇರಪ್ರಸಾರ ಮಾಡಿ ಜನರಿಂದ ಚಂದಾ ಎತ್ತುತಾರೆ. ಮುಂದೆ ಪ್ರಧಾನಿಯಾದ ಜೋಸೆಫ್ ಮಸ್ಕತ್ ಕೂಡ ಲೇಬರ್ ಚಾನೆಲಲ್ಲಿ ಪತ್ರಕರ್ತರಾಗಿದ್ದವರು. 2003ರಲ್ಲಿ ಯುರೋಪಿಯನ್ ಒಕ್ಕೂಟ ಬೇಡ ಅಂತ ಪ್ರಚಾರ ಮಾಡಿದ್ರು, 2004ರಲ್ಲಿ ಅದೇ ಒಕ್ಕೂಟದ ಸಂಸತ್ತಿಗೆ ಆಯ್ಕೆಯಾದ್ರು. ಬೆಂಬಲಿಗರೂ ಜೊತೆಗೇ ತಿರುಗಿದ್ರು. ಆ 2003ರ ಜನಮತಗಣನೆಯಲ್ಲಿ ಶೇಕಡ 53.6 'ಹೌದು' ಅಂತ ಬಂದಿತ್ತು. ಆದ್ರೂ ಓಟು ಹಾಕದವರನ್ನೂ ತಮ್ಮ ಕಡೆ ಸೇರಿಸ್ಕೊಂಡು ಲೇಬರ್ ನಾಯಕ ಸಾಂಟ್ 'ಗೆದ್ದಿದ್ದು ನಾವೇ' ಅಂದ್ರು. ಎರಡೂ ಕಡೆಯವರು ಬೀದಿಗಿಳಿದು ಸಂಭ್ರಮ ಪಟ್ರು. ಲೆಕ್ಕ ಕಣ್ಣೆದುರಿಗಿತ್ತು, ನಾಯಕ ಹೇಳಿದ್ದು ಕಿವಿಯಲ್ಲಿತ್ತು.

ಈ ಭಾಗ ಚುನಾವಣಾ ಪದ್ಧತಿ ಬಗ್ಗೆ, ಫಾಸ್ಟ್ ಫಾರ್ವರ್ಡ್ ಮಾಡ್ಬೇಡಿ. ದೇಶದಲ್ಲಿ 13 ಕ್ಷೇತ್ರ, ಒಂದೊಂದರಿಂದ 5 ಜನ. ಬ್ಯಾಲೆಟ್‌ನಲ್ಲಿ ಒಂದು ಓಟಲ್ಲ, 1, 2, 3 ಅಂತ ಇಷ್ಟದ ಕ್ರಮದಲ್ಲಿ ನಂಬರ್ ಕೊಡಬಹುದು. ಒಂದನೇದು ಲೇಬರ್‌ಗೆ, ಎರಡನೇದು ನ್ಯಾಷನಲಿಸ್ಟ್‌ನ ಒಳ್ಳೇ ಡಾಕ್ಟರಮ್ಮನಿಗೆ, ಮೂರನೇದು ಪಕ್ಷೇತರನಿಗೆ, ಯಾರೂ ತಡೆಯಲ್ಲ. ನಮ್ಮ ವಿಧಾನಸಭೆ ಓಟಲ್ಲಿ ಇಂಥ ಅವಕಾಶನೇ ಇಲ್ಲ. ಹಾಗಿದ್ದೂ ಇಲ್ಲಿನವರು ಮಾಡೋದು ತಮ್ಮ ಪಕ್ಷದವರಿಗೇ ಮೇಲಿಂದ ಕೆಳಗೆ ನಂಬರ್ ಕೊಟ್ಟು ಎದ್ದು ಬರೋದು. ಗೆರೆ ದಾಟಿ ನಂಬರ್ ಕೊಡೋರು ತೀರಾ ಕಮ್ಮಿ. 1966ರಿಂದೀಚೆಗೆ ಮೂರನೇ ಪಕ್ಷವೊಂದು ತನ್ನ ಬಲದಿಂದಲೇ ಸಂಸತ್ತಿಗೆ ಹೋಗಿಲ್ಲ. ನಶ್ಶಾರ್ ಊರಿನ ದೊಡ್ಡ ಹಾಲಲ್ಲಿ ಎಣಿಕೆ, ಗಾಜಿನಂಥ ಗಟ್ಟಿ ಪ್ಲಾಸ್ಟಿಕ್ ಪರದೆ ಆಚೆ ಪಕ್ಷದ ಏಜೆಂಟರು. ಗೆಲುವು ಗೊತ್ತಾದ ತಕ್ಷಣ ಆ ಪರದೆಯನ್ನ ಅಂಗೈಯಲ್ಲಿ ಬಡೀತಾರೆ, ದೇಶಕ್ಕೆ ಫಲಿತಾಂಶ ತಿಳಿಯೋದು ಆ ಸದ್ದಿನಿಂದ. 2008ರಲ್ಲಿ ಎರಡು ಪಕ್ಷಗಳ ಅಂತರ ಬರೀ 1,580 ಮತ.

ಬರೀ ಭಾವನೆ ಅಂತ ಹೇಳಿದ್ರೆ ಅರ್ಧ ಹೇಳಿದ ಹಾಗೆ. ಕೆಲಸ, ವರ್ಗಾವಣೆ, ಮನೆ ಕಟ್ಟೋ ಪರವಾನಗಿ, ಇದಕ್ಕೆಲ್ಲ ಶಾಸಕರ ಬಾಗಿಲು ತಟ್ಟೋದು ಇಲ್ಲಿ ಮಾಮೂಲು. 2022ರ ಮಾರ್ಚ್ ಚುನಾವಣೆಗೆ ಪ್ರಚಾರ ನಡೀತಿರುವಾಗಲೇ ಸರ್ಕಾರದ ಚೆಕ್ಕು ಮನೆಮನೆಗೆ ಅಂಚೆಯಲ್ಲಿ ಬಂತು. ಚೆಕ್ಕನ್ನ ಹಕ್ಕು ಅಂತ ನೋಡಿದವರು ಕಮ್ಮಿ, ಉಪಕಾರ ಅಂತ ನೋಡಿದವರು ಜಾಸ್ತಿ. ಇದನ್ನ ನಾನು ಕಡಾಖಂಡಿತವಾಗಿ ತಪ್ಪು ಅಂತೀನಿ.

ಈಗ ವ್ಯಾಲೆಟ್ಟಾ ಕೋರ್ಟ್ ಎದುರು ಇದೀನಿ. ಹೂವು, ಮೇಣದಬತ್ತಿ, ಒಂದು ಹೆಂಗಸಿನ ಫೋಟೋ. ಡ್ಯಾಫ್ನಿ ಕರುವಾನಾ ಗಲಿಝಿಯಾ, ಪತ್ರಕರ್ತೆ. 2017ರ ಅಕ್ಟೋಬರ್ 16ಕ್ಕೆ ಅವರ ಕಾರಿಗೆ ಬಾಂಬ್ ಇಟ್ಟು ಕೊಂದ್ರು. ಈ ಹೂವನ್ನ ಸರ್ಕಾರದವರು ಮತ್ತೆ ಮತ್ತೆ ತೆಗೆಸ್ತಿದ್ರು, ಹಾಗೆ ತೆಗೆಸಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ 2020ರ ಜನವರಿಯಲ್ಲಿ ನ್ಯಾಯಾಲಯ ಹೇಳ್ತು. 2021ರ ಜುಲೈನಲ್ಲಿ ವಿಚಾರಣಾ ಮಂಡಳಿ, ಈ ಹತ್ಯೆಯ ಹೊಣೆಯನ್ನ ಸರ್ಕಾರಿ ವ್ಯವಸ್ಥೆಯೂ ಹೊರಬೇಕು ಅಂತ ವರದಿ ಕೊಟ್ಟಿತು. ಮುಂದಿನ ವರ್ಷವೇ ಚುನಾವಣೆ. ಅಧಿಕಾರದಲ್ಲಿದ್ದ ಅದೇ ಲೇಬರ್ ಪಕ್ಷ 39 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದಿತು. 2024ರ ಮೇನಲ್ಲಿ ಆಸ್ಪತ್ರೆ ಗುತ್ತಿಗೆ ಪ್ರಕರಣದಲ್ಲಿ ಮಸ್ಕತ್ ಇದೇ ಕೋರ್ಟಿಗೆ ಬಂದ್ರು. ಆರೋಪಗಳನ್ನ ಅವರು ನಿರಾಕರಿಸಿದಾರೆ, ತೀರ್ಪು ಕೊಡೋದು ನ್ಯಾಯಾಲಯದ ಕೆಲಸ, ನನ್ನದಲ್ಲ. ನಾನು ಹೇಳೋದು ಹೊರಗೆ ಸೇರಿದ ಜನರ ಬಗ್ಗೆ. ಜೈಕಾರ ಹಾಕಿ ಅಪ್ಪಿಕೊಂಡ್ರು. ಸ್ಮಶಾನದ ಹತ್ರ ನಾನು ಮೆತ್ತಗಾಗಿದ್ದೆ, ಇಲ್ಲಿ ಆಗಲ್ಲ. ಅಜ್ಜಿಯ ಮದುವೆಯ ಅವಮಾನ ನಿಜ. ಆ ಅವಮಾನ ಇಂದಿನ ಮಂತ್ರಿಗಳಿಗೆ ರಕ್ಷಣೆ ಆಗಬಾರದು. ಒಬ್ಬ ಹೆಣ್ಣುಮಗಳನ್ನ ಬರೆದದ್ದಕ್ಕೆ ಕೊಂದ ಮೇಲೂ 'ಅವಳು ಯಾವ ಪಕ್ಷದವಳು' ಅಂತ ಕೇಳಿದವರು ಇದ್ರು.

ನನ್ನ ಜೊತೆ ಕೆಲಸ ಮಾಡೋ ಮಾಲ್ಟೀಸ್ ಹುಡುಗಿ ಇವಳು, ಕಾಫಿಗೆ ಬಂದಿದ್ಲು. 2018ರಿಂದ ಇಲ್ಲಿ 16 ವರ್ಷಕ್ಕೇ ಮತದಾನದ ಹಕ್ಕು. ಜೂನ್ 2024ರ ಯುರೋಪಿಯನ್ ಚುನಾವಣೆಯಲ್ಲಿ ಅವಳು ಪಕ್ಷೇತರರೊಬ್ಬರಿಗೆ ಒಂದನೇ ನಂಬರ್ ಕೊಟ್ಟಳಂತೆ, ಆ ಸಲ ಎರಡು ಪಕ್ಷಗಳ ಅಂತರ 8,454ಕ್ಕೆ ಇಳಿದಿತ್ತು. ಮನೆಯಲ್ಲಿ ಹೇಳಿಲ್ಲ. 'ಅಪ್ಪ ಕಝೀನ್ ಕಮಿಟಿಯಲ್ಲಿದಾರೆ ಅಕ್ಕ, ಊಟಕ್ಕೆ ಕೂತಾಗ ಮಾತು ಬಿಡ್ತಾರೆ' ಅಂದ್ಲು. ಮುಖ ಬ್ಲರ್ ಮಾಡಿದೀನಿ. ಅತಿಯಾಯ್ತು ಅನ್ನಬೇಡಿ. 2020ರಲ್ಲಿ ಒಂದು ಐಟಿ ಕಂಪನಿಯಿಂದ ಇಲ್ಲಿನ 3.37 ಲಕ್ಷ ಮತದಾರರ ವಿವರ ಸೋರಿಹೋಗಿತ್ತು. ಹೆಸರು, ವಿಳಾಸ, ಫೋನು, ಜೊತೆಗೆ ಯಾವ ಪಕ್ಷದ ಕಡೆ ಅನ್ನೋದಕ್ಕೂ ಒಂದು ಗುರುತು. ಅವಳ ಹೆಸರೂ ಅದರಲ್ಲಿರಬಹುದು ಅಂತ ಅವಳಿಗೆ ಗೊತ್ತು. ಬ್ಯಾಟರಿ ಕೆಂಪು ತೋರಿಸ್ತಿದೆ, ಇಲ್ಲಿಗೆ ನಿಲ್ಲಿಸ್ತೀನಿ. ವೀಸಾ ಬಗ್ಗೆ ಕೇಳಿದವರಿಗೆ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.