ಗೂಗಲ್ ಬಚ್ಚಿಟ್ಟಿದ್ದ ಲೆಕ್ಕದ ಪುಸ್ತಕ

[ಕಪ್ಪು ಪರದೆ. ಒಂದೊಂದೇ ಅಂಕಿ ಮೂಡುತ್ತದೆ: 2,718,281,828]

ಈ ಸಂಖ್ಯೆಯನ್ನು ಸ್ವಲ್ಪ ನೋಡಿ. 271 ಕೋಟಿ ಚಿಲ್ಲರೆ.

2004ರ ಏಪ್ರಿಲ್ 29ರಂದು ಗೂಗಲ್ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಐಪಿಒ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರುವ ಅರ್ಜಿ ಸಲ್ಲಿಸಿತು. ಎಷ್ಟು ಡಾಲರ್ ಎತ್ತುತ್ತೀರಿ ಅನ್ನುವ ಕಡೆ ಬರೆದಿದ್ದು ಇದನ್ನೇ. ಬೇರೆ ಯಾರಾದರೂ ಆಗಿದ್ದರೆ 270 ಕೋಟಿ ಅಂತ ದುಂಡಗೆ ಬರೆಯುತ್ತಿದ್ದರು. ಪಿಯುಸಿಯಲ್ಲಿ ಲಾಗರಿದಮ್ ಜೊತೆ ಗುದ್ದಾಡಿದವರಿಗೆ ಇದು ಪರಿಚಯದ ಮುಖ. ಗಣಿತದ 'ಇ' ಅನ್ನುವ ಸ್ಥಿರಸಂಖ್ಯೆ, 2.718281828.

ಜೋಕೇನೋ ಚೆನ್ನಾಗಿದೆ. ಆದರೆ ಈ ಅರ್ಜಿ ಕೊಡುವುದಕ್ಕೆ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಇಬ್ಬರಿಗೂ ಅಷ್ಟೇನೂ ಮನಸ್ಸಿರಲಿಲ್ಲ. ಯಾಕೆ?

[ಹಳೆಯ ವೆಬ್ ಪುಟಗಳ ಚಿತ್ರ: ಆಲ್ಟಾವಿಸ್ಟಾ, ಲೈಕೋಸ್, ಎಕ್ಸೈಟ್, ಯಾಹೂ]

ನಮಸ್ಕಾರ. 1999ಕ್ಕೆ ಹೋಗೋಣ. ಆಗ ಸರ್ಚ್ ಎಂಜಿನ್‌ಗಳಿಗೆ ಬರವಿರಲಿಲ್ಲ. ಆದರೆ ಹುಡುಕಿಕೊಡುವ ಕೆಲಸದಲ್ಲಿ ದುಡ್ಡಿದೆ ಅಂತ ದೊಡ್ಡ ಕಂಪನಿಗಳಿಗೆ ಅನಿಸಿರಲಿಲ್ಲ. ಅವರ ಲೆಕ್ಕ ಹೀಗಿತ್ತು: ಜನ ನಮ್ಮ ಪುಟದಲ್ಲೇ ಕೂತು ಮೇಲ್, ಹವಾಮಾನ, ರಾಶಿಫಲ ನೋಡಬೇಕು. ಹುಡುಕಿಕೊಡುವುದು ಅಂದರೆ ಅಂಗಡಿಗೆ ಬಂದ ಗಿರಾಕಿಯನ್ನು ನಾವೇ ಪಕ್ಕದ ಅಂಗಡಿಗೆ ಕಳಿಸಿದ ಹಾಗೆ ಅಲ್ವಾ?

ಆ ವರ್ಷ ಪೇಜ್ ಮತ್ತು ಬ್ರಿನ್ ಗೂಗಲ್ ಅನ್ನು ಎಕ್ಸೈಟ್ ಅನ್ನುವ ಸರ್ಚ್ ಕಂಪನಿಗೆ ಸುಮಾರು 10 ಲಕ್ಷ ಡಾಲರ್‌ಗೆ ಮಾರಲು ಹೋಗಿದ್ದರು. ಬೆಲೆ ಏಳೂವರೆ ಲಕ್ಷಕ್ಕೆ ಇಳಿದರೂ ಎಕ್ಸೈಟ್ ಬೇಡ ಅಂದಿತು. ಈಗ ನಗುವುದು ಸುಲಭ. ಆಗಿನ ಲೆಕ್ಕದಲ್ಲಿ ಅದು ಪೆದ್ದುತನ ಆಗಿರಲಿಲ್ಲ.

2000ದಲ್ಲಿ ಯಾಹೂ ತನ್ನ ಹುಡುಕಾಟದ ಕೆಲಸವನ್ನೇ ಗೂಗಲ್‌ಗೆ ವಹಿಸಿತು. ಹೋಟೆಲ್ ನಡೆಸುವವರು ಅಡುಗೆಮನೆಯನ್ನು ಬೇರೆಯವರಿಗೆ ಕಾಂಟ್ರ್ಯಾಕ್ಟ್ ಕೊಟ್ಟರೆ ಏನಾಗುತ್ತದೆ? ಊಟ ಮಾಡಿದವರು ಅಡುಗೆಯವರ ವಿಳಾಸ ಕೇಳುತ್ತಾರೆ.

[ಪರದೆಯ ಮೇಲೆ: ದುಡ್ಡು ಎಲ್ಲಿಂದ?]

ದುಡ್ಡು ಮಾಡುವ ದಾರಿಯನ್ನು ಗೂಗಲ್ ಕಂಡುಹಿಡಿಯಲಿಲ್ಲ. ಇದನ್ನು ಸುಮಾರು ಜನ ಮರೆಯುತ್ತಾರೆ. ಅದು ಬಿಲ್ ಗ್ರಾಸ್ ಅನ್ನುವವರ ಗೋಟೂ ಡಾಟ್ ಕಾಮ್ ತೋರಿಸಿದ ದಾರಿ. 1998ರಲ್ಲಿ ಶುರುವಾಗಿ ಆಮೇಲೆ ಓವರ್‌ಚೂರ್ ಅಂತ ಹೆಸರು ಬದಲಿಸಿಕೊಂಡ ಕಂಪನಿ ಇದು. ಒಂದೊಂದು ಪದಕ್ಕೂ ಹರಾಜು. 'ವಿಮೆ' ಅಂತ ಯಾರೋ ಹುಡುಕಿದರೆ ಯಾರ ಜಾಹೀರಾತು ಮೇಲೆ ಬರಬೇಕು? ಜಾಸ್ತಿ ಬೆಲೆ ಕೂಗಿದವರದ್ದು. ಕ್ಲಿಕ್ ಆದರೆ ಮಾತ್ರ ದುಡ್ಡು.

2002ರಲ್ಲಿ ಗೂಗಲ್ ತನ್ನ ಜಾಹೀರಾತು ಸೇವೆ ಆಡ್‌ವರ್ಡ್ಸ್‌ಗೆ ಇದೇ ಪದ್ಧತಿ ತಂದು, ಒಂದು ಜಾಣ ಬದಲಾವಣೆ ಮಾಡಿತು. ಬರೀ ಬೆಲೆ ಸಾಲದು, ಜನ ಆ ಜಾಹೀರಾತನ್ನು ನಿಜವಾಗಿ ಕ್ಲಿಕ್ ಮಾಡುತ್ತಾರಾ ಅನ್ನುವುದೂ ಲೆಕ್ಕಕ್ಕೆ ಬರಬೇಕು. ದುಡ್ಡಿದ್ದರೂ ಯಾರಿಗೂ ಬೇಡದ ಜಾಹೀರಾತು ಕೆಳಗೆ ಹೋಯಿತು. ಅದೇ ವರ್ಷ ಓವರ್‌ಚೂರ್ ಪೇಟೆಂಟ್ ಕೇಸು ಹಾಕಿತು. 2003ರಲ್ಲಿ ಯಾಹೂ ಆ ಓವರ್‌ಚೂರ್ ಅನ್ನೇ ಕೊಂಡುಕೊಂಡಿತು. ನಿನ್ನೆಯ ಗಿರಾಕಿ ಇವತ್ತಿನ ಎದುರಾಳಿ, ಜೊತೆಗೆ ಕೇಸಿನ ವಾರಸುದಾರ!

ಈ ಹೊತ್ತಿಗೆ ಗೂಗಲ್‌ನ ತಿಜೋರಿ ತುಂಬುತ್ತಿತ್ತು. ಎಷ್ಟು ಅಂತ ಹೊರಗಿನವರಿಗೆ ಗೊತ್ತಿರಲಿಲ್ಲ. ಷೇರುಪೇಟೆಯಲ್ಲಿ ಇಲ್ಲದ ಕಂಪನಿ ಲೆಕ್ಕ ತೋರಿಸಬೇಕಾಗಿಲ್ಲ. ಗೊತ್ತಾದರೆ ಮೈಕ್ರೋಸಾಫ್ಟ್ ಸುಮ್ನೆ ಕೂರುತ್ತಿತ್ತಾ?

ಆದರೆ ಅಮೆರಿಕದಲ್ಲಿ ಆಗ ಒಂದು ನಿಯಮ ಇತ್ತು. 1 ಕೋಟಿ ಡಾಲರ್‌ಗಿಂತ ಹೆಚ್ಚು ಆಸ್ತಿ ಇರುವ ಕಂಪನಿಯಲ್ಲಿ ಷೇರುದಾರರು 500 ದಾಟಿದರೆ, ಆ ವರ್ಷ ಮುಗಿದ 120 ದಿನದೊಳಗೆ ಲೆಕ್ಕವನ್ನು ಬಹಿರಂಗ ಮಾಡಬೇಕು. ಉದ್ಯೋಗಿಗಳಿಗೆ ಷೇರು ಹಂಚುತ್ತಾ ಹೋಗಿದ್ದ ಗೂಗಲ್ 2003ರಲ್ಲಿ ಆ ಗೆರೆ ದಾಟಿತ್ತು. ಜನವರಿ 1ರಿಂದ 120 ದಿನ ಎಣಿಸಿ ನೋಡಿ. 2004 ಅಧಿಕ ವರ್ಷ. ಸರಿಯಾಗಿ ಏಪ್ರಿಲ್ 29. ಹೇಗೂ ಗುಟ್ಟು ಬಿಡಬೇಕು, ಐಪಿಒನೂ ಮಾಡಿಬಿಡೋಣ ಅಂತ ಹೊರಟರು.

[ಪರದೆಯ ಮೇಲೆ: 2000ದಲ್ಲಿ ಆದಾಯ 1.91 ಕೋಟಿ ಡಾಲರ್, 2003ರಲ್ಲಿ 96.19 ಕೋಟಿ ಡಾಲರ್]

ಪುಸ್ತಕ ತೆರೆದಾಗ ಕಂಡಿದ್ದು ಇದು. 2000ದಲ್ಲಿ ನಷ್ಟದಲ್ಲಿದ್ದ ಕಂಪನಿ 2003ರಲ್ಲಿ 10.56 ಕೋಟಿ ಡಾಲರ್ ಲಾಭ ಮಾಡಿತ್ತು.

ಐಪಿಒ ಮಾಡಿದ್ದೂ ಅಮೆರಿಕದ ಷೇರು ವ್ಯವಹಾರದ ಕೇಂದ್ರ ವಾಲ್ ಸ್ಟ್ರೀಟ್‌ಗೆ ಇಷ್ಟವಾಗದ ರೀತಿಯಲ್ಲಿ. ಸಾಮಾನ್ಯವಾಗಿ ಅಲ್ಲಿ ಬ್ಯಾಂಕುಗಳು ಬೆಲೆ ನಿಗದಿ ಮಾಡಿ, ತಮಗೆ ಬೇಕಾದವರಿಗೆ ಷೇರು ಹಂಚುತ್ತವೆ. ಮೊದಲ ದಿನ ಬೆಲೆ ಹಾರುತ್ತದೆ, ಬೇಕಾದವರು ಮಾರಿ ಲಾಭ ಎಣಿಸುತ್ತಾರೆ. ಆ ದುಡ್ಡು ನ್ಯಾಯವಾಗಿ ಕಂಪನಿಗೆ ಬರಬೇಕಾದದ್ದು. ಅದಕ್ಕೇ ಗೂಗಲ್ ಡಚ್ ಹರಾಜು ಅಂದಿತು.

[ಅನಿಮೇಷನ್: ನಾಲ್ಕು ಜನ, ಕೈಯಲ್ಲಿ ಚೀಟಿ]

ಮಾರಲು 100 ಷೇರು ಇದೆ ಅಂದುಕೊಳ್ಳಿ. ಒಬ್ಬರು 120 ಡಾಲರ್‌ನಂತೆ 30 ಷೇರು ಕೇಳಿದರು. ಎರಡನೆಯವರು 100ರಂತೆ 40. ಮೂರನೆಯವರು 85ರಂತೆ 30. ನಾಲ್ಕನೆಯವರು 70ರಂತೆ 50. ಮೇಲಿನಿಂದ ಕೂಡಿಸುತ್ತಾ ಬನ್ನಿ. 85ಕ್ಕೆ ಬರುವಷ್ಟರಲ್ಲಿ 100 ಷೇರೂ ಖಾಲಿ. ಆಗ ಮೂವರೂ ಕೊಡುವುದು 85 ಮಾತ್ರ, 120 ಅಂದವರೂ ಸೇರಿ. ನಾಲ್ಕನೆಯವರಿಗೆ ಏನೂ ಇಲ್ಲ. ನಮ್ಮಲ್ಲಿ ಐಪಿಒಗೆ ಅರ್ಜಿ ಹಾಕಿದವರಿಗೆ 'ಕಟ್-ಆಫ್' ಗೊತ್ತಿರುತ್ತದೆ, ಇದು ಅದರ ಹತ್ತಿರದ ಸಂಬಂಧಿ. ಆದರೆ ನಮ್ಮಲ್ಲಿ ಕಂಪನಿ ಹಾಕಿದ ಬೆಲೆಯ ಮಿತಿ, ಅಂದರೆ ಪ್ರೈಸ್ ಬ್ಯಾಂಡ್ ದಾಟಿ ಕೂಗುವ ಹಾಗಿಲ್ಲ, ಚಿಕ್ಕ ಹೂಡಿಕೆದಾರರ ಅರ್ಜಿ ಮಿತಿಮೀರಿದರೆ ಲಾಟರಿ.

ಹರಾಜು ಕಾಗದದ ಮೇಲೆ ಚೆಂದ. ನಡೆದಿದ್ದು ಮಾತ್ರ ಒದ್ದಾಟ. ಉದ್ಯೋಗಿಗಳಿಗೆ ಎಸ್‌ಇಸಿಯಲ್ಲಿ ನೋಂದಣಿ ಮಾಡಿಸದೆ ಷೇರು ಕೊಟ್ಟಿದ್ದು ಬಯಲಾಯಿತು. ಐಪಿಒ ಹೊತ್ತಿನಲ್ಲಿ ಕಂಪನಿ ಬಾಯಿ ಮುಚ್ಚಿಕೊಂಡಿರಬೇಕಾದ ಅವಧಿಯಲ್ಲೇ ಸ್ಥಾಪಕರ ಸಂದರ್ಶನ ಪ್ಲೇಬಾಯ್ ಪತ್ರಿಕೆಯಲ್ಲಿ ಬಂತು. ಕೊನೆಗೆ ಆ ಸಂದರ್ಶನವನ್ನೇ ಐಪಿಒ ದಾಖಲೆಗೆ ಲಗತ್ತಿಸಿದರು. ಯಾಹೂ ಜೊತೆಗಿನ ಕೇಸು ಆಗಸ್ಟ್ 9ರಂದು ರಾಜಿಯಾಯಿತು. ಅದಕ್ಕೆ ತೆತ್ತ ಬೆಲೆ 27 ಲಕ್ಷ ಷೇರು. ಷೇರಿಗೆ 108ರಿಂದ 135 ಡಾಲರ್ ಅಂತಿದ್ದ ನಿರೀಕ್ಷೆ 85ರಿಂದ 95ಕ್ಕೆ ಕುಸಿಯಿತು. ಕೊನೆಗೆ ಬೆಲೆ ನಿಂತಿದ್ದು 85ಕ್ಕೆ.

ಆಗಸ್ಟ್ 19ರಂದು ಅಮೆರಿಕದ ಷೇರುಪೇಟೆ ನ್ಯಾಸ್‌ಡ್ಯಾಕ್‌ನಲ್ಲಿ ವಹಿವಾಟು ಶುರು. ಸಂಜೆ ಬೆಲೆ 100.34 ಡಾಲರ್. 18 ಶೇಕಡಾ ಏರಿಕೆ. ನನ್ನ ಪ್ರಕಾರ ಹರಾಜು ಗೆದ್ದಿತು, ಸ್ವಲ್ಪ ಕುಂಟುತ್ತಾ. 271 ಕೋಟಿಯ ಕನಸು 167 ಕೋಟಿಗೆ ಇಳಿದಿತ್ತು.

ಅದೇ ವರ್ಷ ಬೆಂಗಳೂರಿನಲ್ಲಿ ಗೂಗಲ್‌ನ ಸಂಶೋಧನಾ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದ ಕೃಷ್ಣ ಭರತ್ ಇದೇ ಊರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದವರು. ಗೂಗಲ್ ನ್ಯೂಸ್ ಹುಟ್ಟಿದ್ದು ಅವರ ಕೈಯಲ್ಲೇ.

ಇತ್ತ ಮೈಕ್ರೋಸಾಫ್ಟ್ 2005ರ ಫೆಬ್ರುವರಿಯಲ್ಲಿ ತನ್ನದೇ ಸರ್ಚ್ ಎಂಜಿನ್ ಇಳಿಸಿತು. ಅತ್ತ ಚೀನಾದ ಸರ್ಚ್ ಕಂಪನಿ ಬೈದು 2005ರ ಆಗಸ್ಟ್ 5ರಂದು ಅದೇ ನ್ಯಾಸ್‌ಡ್ಯಾಕ್‌ಗೆ ಬಂತು, ಹರಾಜಿಲ್ಲದೆ, ಹಳೆಯ ಪದ್ಧತಿಯಲ್ಲಿ. ಬೆಲೆ 27 ಡಾಲರ್. ಸಂಜೆಗೆ 122.54! ಪೇಪರಿನವರು ಹೊಗಳಿದರು. ನನಗಂತೂ ಇದು ಬೈದು ತನ್ನ ಮಾಲನ್ನು ಕಾಲು ಬೆಲೆಗೆ ಮಾರಿದ ಕಥೆಯಾಗಿ ಕಾಣುತ್ತದೆ. ತಮಾಷೆ ಏನೆಂದರೆ, ಆ ದಿನ ಲಾಭ ಕಂಡವರಲ್ಲಿ ಗೂಗಲ್ ಕೂಡ ಇತ್ತು. ಬೈದುವಿನಲ್ಲಿ ಅದರದ್ದು 2.6 ಶೇಕಡಾ ಪಾಲಿತ್ತು.

ಸುಮಾರು ಎರಡು ವಾರ ಕಳೆದ ಮೇಲೆ ಗೂಗಲ್ ಮತ್ತೆ ಷೇರು ಮಾರುತ್ತೇವೆ ಅಂತ ಪ್ರಕಟಿಸಿತು. ಈ ಸಲ ಎಷ್ಟು ಷೇರು ಗೊತ್ತಾ?

[ಕಪ್ಪು ಪರದೆ. ಒಂದೊಂದೇ ಅಂಕಿ ಮೂಡುತ್ತದೆ: 14,159,265]

ಇದರ ಎಡಕ್ಕೆ ಒಂದು 3 ಹಾಕಿ, ನಡುವೆ ಚುಕ್ಕಿ ಇಟ್ಟು ನೋಡಿ.