ಅಂಕಗಳ ಅಂತರ ಹುಟ್ಟುವುದು ಎಲ್ಲಿ?

[ಪರದೆಯ ಮೇಲೆ: ತೆರೆದ ಪಠ್ಯಪುಸ್ತಕ, ಪುಟದ ಬಹುಪಾಲು ಸಾಲುಗಳ ಕೆಳಗೆ ಗೆರೆ ಎಳೆಯಲಾಗಿದೆ]

ನಿರೂಪಣೆ:
ನಮಸ್ಕಾರ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಸಾಮಾನ್ಯವಾಗಿ ಕೇಳಿಬರುವ ವಿವರಣೆಗಳು ಎರಡೇ: ಹೆಚ್ಚು ಅಂಕ ಪಡೆದವರು ಬುದ್ಧಿವಂತರು, ಕಡಿಮೆ ಪಡೆದವರು ಸರಿಯಾಗಿ ಓದಲಿಲ್ಲ. ಆದರೆ ಹೆಚ್ಚುಕಡಿಮೆ ಒಂದೇ ಮಟ್ಟದ ಗ್ರಹಿಕೆಯುಳ್ಳ, ಒಂದೇ ತರಗತಿಯಲ್ಲಿ ಕುಳಿತ, ಅಷ್ಟೇ ಹೊತ್ತು ಓದಿದ ಇಬ್ಬರ ಅಂಕಗಳ ನಡುವೆ ದೊಡ್ಡ ವ್ಯತ್ಯಾಸವಿರುವುದನ್ನು ಪಾಠ ಹೇಳುವವರೆಲ್ಲರೂ ಕಂಡಿರುತ್ತಾರೆ. ಆ ವ್ಯತ್ಯಾಸಕ್ಕೆ ಕಾರಣವೇನು ಎಂಬುದನ್ನು ಈ ವಿಡಿಯೋದಲ್ಲಿ ಪರಿಶೀಲಿಸೋಣ.

ಓದಿನ ಗಂಟೆಗಳನ್ನು ಎಣಿಸುವುದು ಸುಲಭ. ಪೋಷಕರು ಅದನ್ನೇ ಎಣಿಸುವುದು ಬಹುಶಃ ಆ ಕಾರಣಕ್ಕೇ. ಆದರೆ ಆ ಗಂಟೆಗಳಲ್ಲಿ ವಿದ್ಯಾರ್ಥಿ ಏನು ಮಾಡುತ್ತಿದ್ದ ಎಂಬುದು ಗಂಟೆಗಳ ಸಂಖ್ಯೆಗಿಂತ ಮುಖ್ಯ. ದ್ಯುತಿಸಂಶ್ಲೇಷಣೆಯ ಪಾಠವನ್ನು ಮೂರನೆಯ ಬಾರಿ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಗಮನಿಸಿ. ಪ್ರತಿ ಸಾಲೂ ಪರಿಚಿತವೆನಿಸುತ್ತದೆ, ಎಲ್ಲಿಯೂ ತಡೆಯಿಲ್ಲ, ಪಾಠ ಬಂತು ಎಂಬ ನೆಮ್ಮದಿಯೂ ಮೂಡುತ್ತದೆ. ಈಗ ಪುಸ್ತಕವನ್ನು ಮುಚ್ಚಿಸಿ, ಈ ಕ್ರಿಯೆಯಲ್ಲಿ ಹೊರಬೀಳುವ ಆಮ್ಲಜನಕ ಯಾವುದರಿಂದ ಬರುತ್ತದೆ ಎಂದು ಕೇಳಿ. ಸೂರ್ಯನ ಬೆಳಕು, ಪತ್ರಹರಿತ್ತು, ಇಂಗಾಲದ ಡೈಆಕ್ಸೈಡ್ ಎಂಬ ಪದಗಳೆಲ್ಲ ನೆನಪಿಗೆ ಬರುತ್ತವೆ. ಆಮ್ಲಜನಕ ನೀರಿನ ಅಣುವಿನಿಂದ ಬರುತ್ತದೆ ಎಂಬ ಒಂದು ವಾಕ್ಯ ಮಾತ್ರ ಬರುವುದಿಲ್ಲ. ಕಂಡದ್ದನ್ನು ಗುರುತಿಸುವುದು ಒಂದು ಶಕ್ತಿ, ಕಾಣದಿರುವಾಗ ನೆನಪಿನಿಂದ ಹೊರತೆಗೆಯುವುದು ಬೇರೆಯೇ ಶಕ್ತಿ. ವಿವರಣಾತ್ಮಕ ಪ್ರಶ್ನೆಪತ್ರಿಕೆ ಅಳೆಯುವುದು ಎರಡನೆಯದನ್ನು.

[ಪರದೆಯ ಮೇಲೆ: ಎರಡು ಗುಂಪುಗಳ ಫಲಿತಾಂಶ, ಐದು ನಿಮಿಷದ ನಂತರ, ಒಂದು ವಾರದ ನಂತರ]

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮರುಓದಿನವರು ಶೇ. 83ರಷ್ಟನ್ನು, ಬರೆದವರು ಶೇ. 71ರಷ್ಟನ್ನು ನೆನಪಿಸಿಕೊಂಡರು. ಒಂದು ವಾರದ ನಂತರ ಪರೀಕ್ಷಿಸಿದವರಲ್ಲಿ ಲೆಕ್ಕ ತಿರುವುಮುರುವಾಗಿತ್ತು: ಮರುಓದಿನವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದಿದೆ. ತಮಗೆ ಹೆಚ್ಚು ನೆನಪಿರುತ್ತದೆ ಎಂಬ ಹೆಚ್ಚಿನ ಭರವಸೆ ಇದ್ದದ್ದು ಬರೀ ಓದಿದ ಗುಂಪಿಗೇ. ಪರೀಕ್ಷೆಯ ಹಿಂದಿನ ಸಂಜೆ ಮೂಡುವ ಆತ್ಮವಿಶ್ವಾಸವನ್ನು ಸಿದ್ಧತೆಯ ಅಳತೆಗೋಲಾಗಿ ಬಳಸಲಾಗದು ಎಂಬುದಕ್ಕೆ ಇಷ್ಟು ಸಾಕು. ಓದನ್ನು ಒಂದೇ ದಿನಕ್ಕೆ ಒತ್ತರಿಸದೆ ಹಲವು ದಿನಗಳಿಗೆ ಹಂಚಿದರೆ ನೆನಪು ಹೆಚ್ಚು ಉಳಿಯುತ್ತದೆ ಎಂಬುದಂತೂ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ದಾಖಲಿಸಿದ ಹಳೆಯ ಸಂಗತಿ.

ನಿದ್ರೆಯ ವಿಷಯದಲ್ಲಿ, ‘ಪರೀಕ್ಷೆಯ ಹಿಂದಿನ ರಾತ್ರಿ ಚೆನ್ನಾಗಿ ನಿದ್ರೆ ಮಾಡಿ’ ಎಂಬ ಪ್ರಚಲಿತ ಸಲಹೆ ಅರ್ಧ ಮಾತ್ರ ಸರಿ. ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಒಂದು ಇಡೀ ಸೆಮಿಸ್ಟರ್ ಮಣಿಕಟ್ಟಿಗೆ ನಿದ್ರೆಯನ್ನು ಅಳೆಯುವ ಸಾಧನ ಕಟ್ಟಿಕೊಂಡಿದ್ದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಂಕಗಳಲ್ಲಿ ಕಂಡುಬಂದ ವ್ಯತ್ಯಾಸದ ಸುಮಾರು ನಾಲ್ಕನೇ ಒಂದು ಭಾಗ ನಿದ್ರೆಯ ಅವಧಿ, ಗುಣಮಟ್ಟ ಮತ್ತು ನಿಯಮಿತತೆಗೆ ಹೊಂದಿಕೊಂಡಿತ್ತು. ಆದರೆ ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ರೆಗೂ ಅಂಕಗಳಿಗೂ ಅಂಥ ಸಂಬಂಧ ಕಾಣಲಿಲ್ಲ. ಸಂಬಂಧವಿದ್ದದ್ದು ಅದಕ್ಕೆ ಮೊದಲಿನ ವಾರಗಳ ನಿದ್ರೆಯೊಂದಿಗೆ. ನಿದ್ರೆಯೇ ಅಂಕಗಳನ್ನು ಹೆಚ್ಚಿಸಿತು ಎಂದು ಇಂಥ ಅಧ್ಯಯನದಿಂದ ಸಾಧಿಸಲಾಗದು, ಏಕೆಂದರೆ ಶಿಸ್ತಿನ ದಿನಚರಿಯಂಥ ಮೂರನೆಯ ಕಾರಣವೊಂದು ಎರಡರ ಹಿಂದೆಯೂ ಇರಬಹುದು.

[ಪರದೆಯ ಮೇಲೆ: ಪರೀಕ್ಷಾ ಕೊಠಡಿ, ಖಾಲಿ ಉತ್ತರ ಪತ್ರಿಕೆ]

ಇನ್ನು ಆತಂಕ. ಹಲವು ಹಂತಗಳ ಲೆಕ್ಕವನ್ನು ಬಿಡಿಸುವಾಗ, ಮೊದಲ ಹಂತದ ಉತ್ತರವನ್ನು ತಲೆಯಲ್ಲಿ ಹಿಡಿದುಕೊಂಡೇ ಎರಡನೆಯ ಹಂತಕ್ಕೆ ಹೋಗಬೇಕಾಗುತ್ತದೆ. ಹೀಗೆ ಕ್ಷಣಕಾಲ ಹಿಡಿದಿಡುವ ಕಾರ್ಯಸ್ಮರಣೆಯ ಸಾಮರ್ಥ್ಯ ತೀರಾ ಸೀಮಿತ. ‘ಇದು ಬಾರದಿದ್ದರೆ ಗತಿಯೇನು’ ಎಂಬ ಚಿಂತೆ ಅದೇ ಜಾಗವನ್ನು ಆಕ್ರಮಿಸಿದಾಗ ಚೆನ್ನಾಗಿ ಗೊತ್ತಿದ್ದ ವಿಧಾನವೂ ನಡುವೆ ತಪ್ಪಿಹೋಗುತ್ತದೆ. ಪರೀಕ್ಷೆಗೆ ಸ್ವಲ್ಪ ಮುಂಚೆ ಹತ್ತು ನಿಮಿಷ ಕುಳಿತು ತಮ್ಮ ಚಿಂತೆಗಳನ್ನು ಕಾಗದದ ಮೇಲೆ ಬರೆದ ಆತಂಕಿತ ವಿದ್ಯಾರ್ಥಿಗಳ ಫಲಿತಾಂಶ ಸುಧಾರಿಸಿತೆಂದು ಮನಶ್ಶಾಸ್ತ್ರಜ್ಞರಾದ ಜೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ವರದಿ ಮಾಡಿದರು. ಸ್ವಲ್ಪ ಒತ್ತಡ ಒಳ್ಳೆಯದು ಎಂದು ಸಾರುವವರು ಆಧಾರವಾಗಿ ಕೊಡುವ ಯರ್ಕ್ಸ್ ಮತ್ತು ಡಾಡ್ಸನ್ ಅವರ 1908ರ ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ವಿದ್ಯಾರ್ಥಿಯ ಕೈಯಲ್ಲಿಲ್ಲದ ಅಂಶಗಳೂ ಇವೆ, ಅವುಗಳ ತೂಕ ಹಗುರವಾದುದಲ್ಲ. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ಅಮೆರಿಕದ ಲಕ್ಷಾಂತರ ವಿದ್ಯಾರ್ಥಿಗಳನ್ನು ಒಳಗೊಂಡು 1966ರಲ್ಲಿ ಹೊರಬಂದ ವರದಿಯು, ಶಾಲೆಗಳ ಸೌಲಭ್ಯಗಳಲ್ಲಿನ ವ್ಯತ್ಯಾಸಕ್ಕಿಂತ ಕುಟುಂಬದ ಹಿನ್ನೆಲೆಯೇ ಸಾಧನೆಯ ಅಂತರವನ್ನು ಹೆಚ್ಚು ವಿವರಿಸುತ್ತದೆ ಎಂದಿತು. ಅಂದ ಮಾತ್ರಕ್ಕೆ ಶಾಲೆಯಿಂದ ಪ್ರಯೋಜನವಿಲ್ಲ ಎಂದು ಅರ್ಥೈಸಿದವರದು ಅವಸರದ ತೀರ್ಮಾನ. ಕಪ್ಪುಹಲಗೆಯ ಮೇಲಿನ ಅಕ್ಷರ ಮಸುಕಾಗಿ ಕಾಣುವ ಮಗುವಿಗೆ ಕನ್ನಡಕ ಕೊಡಿಸುವಂಥ ಸಣ್ಣ ನೆರವಿನಿಂದಲೂ ಕಲಿಕೆ ಸುಧಾರಿಸಿದ್ದು ಚೀನಾದ ಗಾನ್ಸು ಪ್ರಾಂತ್ಯದ ಶಾಲೆಗಳಲ್ಲಿ ಕಂಡುಬಂದಿದೆ. ಡೆನ್ಮಾರ್ಕ್‌ನ ಶಾಲಾ ಪರೀಕ್ಷೆಗಳ ಬಗ್ಗೆ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ದಿನದ ಹೊತ್ತು ಏರಿದಂತೆ ಅಂಕಗಳು ಅಲ್ಪ ಪ್ರಮಾಣದಲ್ಲಿ ಇಳಿದವು. ಪರೀಕ್ಷೆಗೆ ಮುನ್ನ 20ರಿಂದ 30 ನಿಮಿಷಗಳ ವಿರಾಮ ಸಿಕ್ಕಲ್ಲಿ ಅವು ಮತ್ತೆ ಏರಿದವು.

[ಪರದೆಯ ಮೇಲೆ: ಒಂದೇ ಉತ್ತರ ಪತ್ರಿಕೆ, ಅದರ ಸುತ್ತ ಬೇರೆ ಬೇರೆ ಅಂಕಗಳು]

ಕೊನೆಯ ಅಂಶ ಉತ್ತರ ಪತ್ರಿಕೆ ಕೈಬಿಟ್ಟ ಮೇಲಿನದು. 1912ರಲ್ಲಿ ಅಮೆರಿಕದ ಸಂಶೋಧಕರಾದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಅವರು ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು 142 ಶಿಕ್ಷಕರಿಂದ ಮೌಲ್ಯಮಾಪನ ಮಾಡಿಸಿದರು. ನೂರಕ್ಕೆ ಬಂದ ಅಂಕಗಳು 64ರಿಂದ 98ರವರೆಗೆ ಹರಡಿಕೊಂಡಿದ್ದವು. ಇನ್ನೊಂದು ಪತ್ರಿಕೆಯಲ್ಲಿ ಈ ಹರವು 50ರಿಂದ 97ರಷ್ಟಿತ್ತು. ಅಂಕ ಹಂಚಿಕೆಯ ಮಾದರಿ ಉತ್ತರಗಳು, ಇಬ್ಬರಿಂದ ಮೌಲ್ಯಮಾಪನ ಮತ್ತು ಬಹು ಆಯ್ಕೆಯ ಪ್ರಶ್ನೆಗಳು ಈ ಹರವನ್ನು ಕಡಿಮೆ ಮಾಡುತ್ತವೆ. ಆದರೂ ದೀರ್ಘ ಉತ್ತರಗಳಲ್ಲಿ ಅಂದದ ಕೈಬರಹಕ್ಕೆ ಹೆಚ್ಚು ಅಂಕ ಬೀಳುವುದು, ಅತ್ಯುತ್ತಮ ಪತ್ರಿಕೆಯೊಂದರ ಬೆನ್ನಿಗೇ ಬಂದ ಸಾಧಾರಣ ಪತ್ರಿಕೆಗೆ ಅದರ ಯೋಗ್ಯತೆಗಿಂತ ಕಡಿಮೆ ಅಂಕ ಸಿಗುವುದು ಮೌಲ್ಯಮಾಪನವನ್ನು ಅಧ್ಯಯನ ಮಾಡಿದವರು ಪದೇ ಪದೇ ಗುರುತಿಸಿರುವ ದೋಷಗಳು.