ಬೆನ್ನ ಮೇಲೊಂದು ಬಿಸ್ಕತ್ತು

ನಿನ್ನೆ ರಾತ್ರಿ ಊಟ ಆದಮೇಲೆ ಅಮ್ಮನ ಜೊತೆ ಕೂತು ಒಂದು ಹಳೇ ಕಾರ್ಟೂನ್ ನೋಡಿದೆ. ಏಳು ನಿಮಿಷದ್ದು, ಅಷ್ಟೇ. ಹೆಸರು 'ಫೀಡ್ ದ ಕಿಟ್ಟಿ'. 1952ರಲ್ಲಿ ವಾರ್ನರ್ ಬ್ರದರ್ಸ್‌ನವರು ಥಿಯೇಟರ್‌ಗಳಿಗೆ ಅಂತ ತಂದದ್ದು. ನಿರ್ದೇಶನ ಚಕ್ ಜೋನ್ಸ್, ಕಥೆ ಮೈಕಲ್ ಮಾಲ್ಟೀಸ್.

ಮಾರ್ಕ್ ಆಂಟನಿ ಅಂತ ಒಂದು ದಢೂತಿ ಬುಲ್‌ಡಾಗ್. ಅದರ ಎದುರಿಗೆ ಅಂಗೈಯಷ್ಟು ಬೆಕ್ಕಿನ ಮರಿ. ನಾಯಿ ಜೋರಾಗಿ ಬೊಗಳುತ್ತದೆ. ಮರಿಗೆ ಹೆದರಿಕೆಯೇ ಇಲ್ಲ! ಸೀದಾ ಅದರ ಬೆನ್ನು ಹತ್ತಿ, ಚಪಾತಿ ಹಿಟ್ಟು ನಾದಿದ ಹಾಗೆ ಒತ್ತಿ ಒತ್ತಿ, ಮುದುಡಿಕೊಂಡು ಮಲಗಿಬಿಡುತ್ತದೆ. ಉಗುರು ಚುಚ್ಚುವಾಗ ನಾಯಿಯ ಮುಖ ನೋಡಬೇಕು ನೀವು. ಬೆಕ್ಕು ಸಾಕಿದವರಿಗೆ ಆ ನೋವೂ ಗೊತ್ತು, ಆ ಸುಖವೂ ಗೊತ್ತು, ಅಲ್ವಾ?

ಮನೆಯಾಕೆಯದ್ದು ಒಂದೇ ಮಾತು: ಇನ್ನೊಂದು ವಸ್ತು ಮನೆಯೊಳಗೆ ತರಬೇಡ. ಹಾಗಾಗಿ ನಾಯಿ ಮರಿಯನ್ನು ಬಚ್ಚಿಡುತ್ತಲೇ ಇರುತ್ತದೆ. ಕೊನೆಗೆ ಮರಿ ಹಿಟ್ಟಿನ ಜೊತೆ ಬಿಸ್ಕತ್ತು ಕಲಸುವ ಬಟ್ಟಲಿಗೇ ಹೋಗುತ್ತದೆ. ಅಲ್ಲಿಂದ ಹೊರಗೆ ಹಾರಿದ್ದು ನಮಗೆ ಕಾಣುತ್ತದೆ. ನಾಯಿಗೆ ಕಾಣುವುದಿಲ್ಲ. ಅದನ್ನು ಆಗಲೇ ಮನೆಯಿಂದ ಆಚೆ ಹಾಕಿರುತ್ತಾರೆ. ಕಿಟಕಿಯಿಂದ ನೋಡುತ್ತಾ ನಿಲ್ಲುತ್ತದೆ. ಹಿಟ್ಟು ಕಲಸಿದರು, ಲಟ್ಟಿಸಿದರು, ಕತ್ತರಿಸಿದರು, ಓವನ್‌ಗೆ ಇಟ್ಟರು. ಒಂದೊಂದಕ್ಕೂ ಅದರ ಮುಖದಲ್ಲಿ ಬೇರೆಯದೇ ಸಂಕಟ. ಸಂಭಾಷಣೆ ಇಲ್ಲ. ಹುಬ್ಬು, ಕಣ್ಣು, ನಡುಗುವ ತುಟಿ ಮಾತ್ರ. ಸೆಕೆಂಡಿಗೆ 24 ಫ್ರೇಮು ಓಡುವ ಸಿನಿಮಾ ಅದು, ಚಿತ್ರಗಳನ್ನೆಲ್ಲ ಕೈಯಲ್ಲೇ ಬರೆದ ಕಾಲ. ನಾನು ಅಲ್ಲಲ್ಲಿ ನಿಲ್ಲಿಸಿ ನಿಲ್ಲಿಸಿ ಆ ಮುಖ ನೋಡಿದೆ.

ಮರಿ ಕ್ಷೇಮವಾಗಿದೆ ಅಂತ ಗೊತ್ತಿರುವುದರಿಂದಲೇ ನಮಗೆ ನಗು ಬರುತ್ತದೆ. ಆದರೆ ಮನೆಯಾಕೆ ನಾಯಿಯನ್ನು ಒಳಗೆ ಕರೆದು, ಬೆಕ್ಕಿನ ಆಕಾರದ ಒಂದು ಬಿಸ್ಕತ್ತು ಕೊಡುತ್ತಾಳೆ ನೋಡಿ... ನಾಯಿ ಅದನ್ನು ತಿನ್ನುವುದಿಲ್ಲ. ಮೆಲ್ಲಗೆ ಎತ್ತಿ ಬೆನ್ನ ಮೇಲೆ ಇಟ್ಟುಕೊಳ್ಳುತ್ತದೆ. ಮರಿ ಮಲಗುತ್ತಿದ್ದ ಜಾಗದಲ್ಲೇ. ಅಳುತ್ತಾ ನಡೆಯುತ್ತದೆ. ನಗುತ್ತಿದ್ದವಳಿಗೆ ಗಂಟಲು ಕಟ್ಟಿತು. ಪಕ್ಕದಲ್ಲಿ ಅಮ್ಮ, "ಅಯ್ಯೋ, ಮರಿ ಇಲ್ಲೇ ಇದೆ ಅಂತ ಯಾರಾದ್ರೂ ಅದಕ್ಕೆ ಹೇಳ್ರೋ" ಅಂದರು.

2001ರ 'ಮಾನ್‌ಸ್ಟರ್ಸ್, ಇಂಕ್.' ಅನ್ನುವ ಅನಿಮೇಷನ್ ಸಿನಿಮಾ ನೋಡಿದ್ದೀರಾ? ಪುಟ್ಟ ಹುಡುಗಿ ಕಸದ ಯಂತ್ರದೊಳಗೆ ಸಿಕ್ಕಿಕೊಂಡಳು ಅಂತ ಸಲ್ಲಿ ಅನ್ನುವ ದೈತ್ಯ ಒದ್ದಾಡುವ ದೃಶ್ಯ ಈ ಕಿಟಕಿಯ ನೆನಪಿನಲ್ಲೇ ಮಾಡಿದ್ದು.

ಮರಿ ಸಿಗುತ್ತದೆ, ಮನೆಯಲ್ಲಿ ಜಾಗವೂ ಸಿಗುತ್ತದೆ. ಮತ್ತೆ ಅದೇ ಬೆನ್ನು, ಅದೇ ಹಿಟ್ಟು ನಾದುವುದು, ನಿದ್ದೆ. ಅಮ್ಮ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹಾಕು" ಅಂದರು. ಹಾಕಿದೆ.